ಮಂಡಿಯ ಕಾರ್ಟಿಲೇಜ್ ರಿಪೇರಿ ಆದ ಮಾರನೇ ದಿನವೇ ನಡೆಯಬಹುದೇ?

"ಮಂಡಿ ಆಪರೇಷನ್ ಆದ ಮಾರನೇ ದಿನವೇ ಎದ್ದು ನಡೆದ ಅಜ್ಜಿ!" ಇಂಥ ವಿಡಿಯೊಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. ಅಜ್ಜಿ ನಡೆದದ್ದು ನಿಜವೇ ಇರಬಹುದು. ಆದರೆ ಅದು ಸಾಮಾನ್ಯವಾಗಿ ಮಂಡಿ ಬದಲಾವಣೆಯ ಆಪರೇಷನ್. ಅದನ್ನು ನೋಡಿ ಕಾರ್ಟಿಲೇಜ್ ರಿಪೇರಿ ಮಾಡಿಸಿಕೊಂಡವರು ಊರುಗೋಲು ಮೂಲೆಗಿಟ್ಟರೆ, ಮಾಡಿಸಿದ ಆಪರೇಷನ್ನೇ ಕೆಡಬಹುದು.

ಎರಡಕ್ಕೂ ಏನು ವ್ಯತ್ಯಾಸ?

ಮಂಡಿ ಬದಲಾವಣೆಯಲ್ಲಿ ಸವೆದ ಭಾಗವನ್ನು ತೆಗೆದು ಲೋಹ ಮತ್ತು ಪ್ಲಾಸ್ಟಿಕ್ ಕೂರಿಸುತ್ತಾರೆ. ಲೋಹ ಅಂದೇ ಭಾರ ಹೊರಲು ಸಿದ್ಧ. ಕಾರ್ಟಿಲೇಜ್ ರಿಪೇರಿ ಹಾಗಲ್ಲ. ಆಟದಲ್ಲೋ ಅಪಘಾತದಲ್ಲೋ ಪೆಟ್ಟು ಬಿದ್ದು ಮೂಳೆಯ ತುದಿಯ ನುಣುಪಾದ ಪದರದಲ್ಲಿ ಸಣ್ಣ ಗುಂಡಿ ಬಿದ್ದಿದ್ದರೆ, ಅಲ್ಲಿ ನಿಮ್ಮದೇ ಅಂಗಾಂಶ ಬೆಳೆಯುವಂತೆ ಮಾಡುವುದು ಇದರ ಉದ್ದೇಶ. ಇಡೀ ಮಂಡಿ ಸವೆದವರಿಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ.

1980ರ ದಶಕದಲ್ಲಿ ಅಮೆರಿಕದ ಡಾ. ರಿಚರ್ಡ್ ಸ್ಟೆಡ್‌ಮನ್ ರೂಪಿಸಿದ ಮೈಕ್ರೋಫ್ರ್ಯಾಕ್ಚರ್ ವಿಧಾನದಲ್ಲಿ ಮೂಳೆಗೆ ಸಣ್ಣ ಸಣ್ಣ ತೂತು ಮಾಡುತ್ತಾರೆ. ಒಳಗಿನ ಮಜ್ಜೆ ಮತ್ತು ರಕ್ತ ಬಂದು ಗುಂಡಿಯಲ್ಲಿ ಹೆಪ್ಪುಗಟ್ಟಿ, ನಿಧಾನವಾಗಿ ನಾರಿನಂಥ ಕಾರ್ಟಿಲೇಜ್ ಆಗುತ್ತದೆ. ಇನ್ನೊಂದು ವಿಧಾನದಲ್ಲಿ ರೋಗಿಯದೇ ಕಾರ್ಟಿಲೇಜ್ ಕೋಶಗಳನ್ನು ಲ್ಯಾಬ್‌ನಲ್ಲಿ ಬೆಳೆಸಿ ಹಾಕುತ್ತಾರೆ. ಸ್ವೀಡನ್ನಿನ ವೈದ್ಯರು 1994ರಲ್ಲಿ 23 ರೋಗಿಗಳ ವಿವರದೊಂದಿಗೆ ಇದನ್ನು ಪ್ರಕಟಿಸಿದರು.

ಹಾಲಿಗೆ ಹೆಪ್ಪು ಹಾಕಿ ಕಲಕುತ್ತಲೇ ಇದ್ದರೆ ಮೊಸರು ಗಟ್ಟಿಯಾಗುವುದಿಲ್ಲ. ಇಲ್ಲೂ ಅಷ್ಟೇ: ಮೊದಲ ವಾರಗಳಲ್ಲಿ ಮೈಭಾರ ಬಿದ್ದರೆ ಆ ಮೆತ್ತನೆಯ ಪದರ ಕಿತ್ತುಹೋಗಬಹುದು. ಆದರೆ ಈ ಹೋಲಿಕೆ ಅರ್ಧ ಮಾತ್ರ ಸರಿ.

ಹಾಗಾದರೆ ಕಾಲು ಅಲ್ಲಾಡಿಸದೆ ಮಲಗಿರಬೇಕೇ?

ಬೇಡ. ಕಾರ್ಟಿಲೇಜಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ಕಾಲು ಮಡಿಸಿ ಚಾಚಿದಾಗ ಆ ದ್ರವ ಎಲ್ಲ ಕಡೆ ಓಡಾಡುತ್ತದೆ. ಟೊರಾಂಟೊದ ಡಾ. ರಾಬರ್ಟ್ ಸಾಲ್ಟರ್ 1970ರ ದಶಕದಲ್ಲಿ ಮೊಲಗಳ ಮೇಲೆ ಪ್ರಯೋಗ ಮಾಡಿ, ಕೀಲನ್ನು ಕಟ್ಟಿಹಾಕುವುದಕ್ಕಿಂತ ನಿಧಾನವಾಗಿ ಆಡಿಸುತ್ತಿದ್ದರೆ ಕಾರ್ಟಿಲೇಜ್ ಚೆನ್ನಾಗಿ ಕೂಡುತ್ತದೆ ಎಂದು ತೋರಿಸಿದರು. ಅದಕ್ಕೇ ಕೆಲವು ಆಸ್ಪತ್ರೆಗಳಲ್ಲಿ ಕಾಲನ್ನು ತಾನೇ ಮಡಿಸಿ ಬಿಚ್ಚುವ ಯಂತ್ರದ ಮೇಲೆ ದಿನಕ್ಕೆ ಕೆಲವು ಗಂಟೆ ಇರಿಸುತ್ತಾರೆ. ಯಂತ್ರವಿಲ್ಲದಿದ್ದರೆ ಹಾಸಿಗೆಯ ಮೇಲೆ ಹಿಮ್ಮಡಿ ಜಾರಿಸುವ ವ್ಯಾಯಾಮ ಹೇಳಿಕೊಡುತ್ತಾರೆ. ಅಂದರೆ, ಚಲನೆ ಬೇಕು, ಭಾರ ಬೇಡ.

ಎಷ್ಟು ವಾರ ಎಂಬುದು ಗುಂಡಿ ಎಲ್ಲಿತ್ತು ಎನ್ನುವುದನ್ನು ಅವಲಂಬಿಸಿದೆ. ತೊಡೆಮೂಳೆಯ ತುದಿಯಲ್ಲಿದ್ದರೆ ಸಾಮಾನ್ಯವಾಗಿ 6ರಿಂದ 8 ವಾರ ಊರುಗೋಲು, ಪಾದ ನೆಲಕ್ಕೆ ತಾಗಿಸುವಷ್ಟೇ. ಮಂಡಿಚಿಪ್ಪಿನ ಹಿಂದಿದ್ದರೆ ಬ್ರೇಸ್ ಹಾಕಿ ಕಾಲು ನೆಟ್ಟಗಿಟ್ಟು ಬೇಗ ನಿಲ್ಲಿಸಬಹುದು. ಆದರೆ ಮಂಡಿ ಬಗ್ಗಿಸಿ ಭಾರ ಹಾಕುವ ಮೆಟ್ಟಿಲು ಹತ್ತುವಿಕೆಗೆ ತಡೆ. ಪಕ್ಕದ ಮನೆಯವರಿಗೆ ಹೇಳಿದ್ದು ನಿಮಗೆ ಅನ್ವಯಿಸದಿರುವುದು ಇದಕ್ಕೇ.

ನೋವು ಹೋದರೆ ವಾಸಿಯಾದಂತೆಯೇ?

ಹೆಚ್ಚಿನವರು ಎಡವುವುದು ಇಲ್ಲೇ. ಕಾರ್ಟಿಲೇಜಿಗೆ ನರಗಳೂ ಇಲ್ಲ. ಹಾಗಾಗಿ ಹೊಸ ಪದರ ಇನ್ನೂ ಎಳೆಯದಾಗಿರುವಾಗಲೇ ಊತ ಇಳಿದು, ನೋವು ಕಡಿಮೆಯಾಗಿ, "ನನಗೇನೂ ಆಗಿಲ್ಲ" ಅನ್ನಿಸತೊಡಗುತ್ತದೆ. ಅದು ಗಟ್ಟಿಯಾಗಲು ಇನ್ನೂ ಹಲವು ತಿಂಗಳು ಬೇಕು. ಮೈಕ್ರೋಫ್ರ್ಯಾಕ್ಚರ್ ಆದವರಿಗೆ ಓಟ, ಕಬಡ್ಡಿ, ಷಟಲ್‌ಗೆ ಸಾಮಾನ್ಯವಾಗಿ 6ರಿಂದ 9 ತಿಂಗಳು. ಕೋಶ ಹಾಕಿಸಿಕೊಂಡವರಿಗೆ ಒಂದು ವರ್ಷ ಅಥವಾ ಇನ್ನೂ ಹೆಚ್ಚು. ನಡುವೆ ತೊಡೆಯ ಸ್ನಾಯುವಿನ ವ್ಯಾಯಾಮ, ನಿಂತಲ್ಲೇ ತುಳಿಯುವ ಸೈಕಲ್ ಇರುತ್ತವೆ. ಬೇಸರದ ಕೆಲಸ, ನಿಜ. ಆದರೆ ಫಿಸಿಯೋಥೆರಪಿ ಬಿಟ್ಟರೆ ತೊಡೆ ಸೊರಗಿ, ಮಂಡಿಯ ಮೇಲೆ ಭಾರ ಇನ್ನಷ್ಟು ಬೀಳುತ್ತದೆ.

ಕುಕ್ಕರಗಾಲಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ಯಾವಾಗ ಎಂದು ಸರ್ಜನ್ನರನ್ನೇ ಕೇಳಿ. ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಮಾತ್ರ ಇದ್ದರೆ ಆಪರೇಷನ್‌ಗೆ ಮೊದಲೇ ಕಮೋಡ್ ಕುರ್ಚಿ ತಂದಿಡಿ.

ಬೆಂಡೆಕಾಯಿ ನೀರಿನಿಂದ ಮಂಡಿಯ 'ಗ್ರೀಸ್' ಮರಳಿ ಬರುತ್ತದೆಯೇ?

ಕಾರ್ಟಿಲೇಜ್ ಬೆಳೆಸುತ್ತದೆ ಎನ್ನಲು ಪುರಾವೆಯಿಲ್ಲ. ಬೆಂಡೆಯ ಲೋಳೆ ಹೊಟ್ಟೆಗೆ ಹೋಗುತ್ತದೆ, ಮಂಡಿಗಲ್ಲ. ಪಲ್ಯ ಮಾಡಿ ತಿನ್ನಿ, ತೊಂದರೆಯಿಲ್ಲ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ? ಮೀನಖಂಡ ಊದಿ ನೋಯುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಅದು ತುರ್ತು. ಜ್ವರ, ಗಾಯದಲ್ಲಿ ಕೀವು ಕಂಡರೆ, ಮಂಡಿ ಸಿಕ್ಕಿಹಾಕಿಕೊಂಡಂತೆ ಬಿಗಿಯಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಅಂದೇ ಫೋನ್ ಮಾಡಿ.