ಪರದೆಯ ಮೇಲಿನ ನಗೆ, ಪರದೆಯ ಹಿಂದಿನ ಬಾಳು



ಸ್ಪೇನ್ ದೇಶದ ಫರ್ನಾಂಡೊ ಟ್ರುಯೇಬಾ 1998ರಲ್ಲಿ ಒಂದು ಪ್ರಣಯ ಪ್ರಹಸನವನ್ನು ತೆರೆಗೆ ತಂದರು. ಅಂತರ್ಯುದ್ಧದ ಕಾಲದಲ್ಲಿ, 1938ರಲ್ಲಿ, ಸ್ಪೇನಿನ ಕಲಾವಿದರ ತಂಡವೊಂದು ಚಿತ್ರೀಕರಣಕ್ಕೆಂದು ಹಿಟ್ಲರನ ಜರ್ಮನಿಗೆ ಹೋಗುತ್ತದೆ. ಭಾಷೆ ತಿಳಿಯದ ನಾಡು, ಪರರ ಸ್ಟುಡಿಯೋ. ನಾಯಕಿಗೋ ಅಲ್ಲಿ ಕೆಲಸಕ್ಕೆ ತಂದಿದ್ದ ಒಬ್ಬ ಸೆರೆಯಾಳಿನ ಮೇಲೆ ಮನಸ್ಸು. ನಕ್ಕು ನಕ್ಕು ಕೊನೆಗೆ ಗಂಟಲು ಕಟ್ಟುವ ಕಥೆ ಅದು.

ಪರಭಾಷೆಯ ಊರಿಗೆ ಹೋಗಿ ಚಿತ್ರ ತೆಗೆದ ಅನುಭವ ನಮ್ಮವರಿಗೂ ಉಂಟು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತಯಾರಾದದ್ದು ಬೆಂಗಳೂರಿನಲ್ಲಲ್ಲ, ಮರಾಠಿಯ ಕೊಲ್ಲಾಪುರದಲ್ಲಿ. ಚಮನ್‌ಲಾಲ್ ಡುಂಗಾಜಿಯವರು ಹಣ ಹೂಡಿದರು, ವೈ.ವಿ.ರಾವ್ ನಿರ್ದೇಶಿಸಿದರು, ಬೆಳ್ಳಾವೆ ನರಹರಿಶಾಸ್ತ್ರಿಗಳು ಮಾತು, ಹಾಡು ಬರೆದರು. ಖರ್ಚು ಸುಮಾರು 40,000 ರೂಪಾಯಿ. ಇಂದ್ರಜಿತುವಾಗಿ ಎಂ.ವಿ.ಸುಬ್ಬಯ್ಯನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬಾ, ರಾವಣನಾಗಿ ಆರ್.ನಾಗೇಂದ್ರರಾವ್. ನಾಯ್ಡು ಅವರ ಪತ್ನಿ ಲಕ್ಷ್ಮೀಬಾಯಿಯವರು ಮಂಡೋದರಿ. ಅಂದರೆ ಮನೆಯಲ್ಲಿ ಗಂಡ ಹೆಂಡಿರಾದವರು ತೆರೆಯ ಮೇಲೆ ತಾಯಿ ಮಕ್ಕಳು! ನಾಟಕದವರ ಸಂಸಾರಗಳೇ ಹೀಗೆ. ಚಿತ್ರ 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ.

ಪುರಾಣದ ಈ ಗಂಭೀರ ಕಥೆಗಿಂತ ಪ್ರಹಸನಕ್ಕೆ ಹತ್ತಿರವಾದದ್ದು ಮರುವರ್ಷದ ‘ಸದಾರಮೆ’. ಗುಬ್ಬಿ ಕಂಪನಿಯ ರಂಗದ ಮೇಲೆ ಜನಪ್ರಿಯವಾಗಿದ್ದ ನಾಟಕವದು. ರಾಜಕುಮಾರನೊಬ್ಬ ವರ್ತಕನ ಮಗಳನ್ನು ಪ್ರೀತಿಸುತ್ತಾನೆ. ಅಗಲಿಕೆ, ವೇಷಾಂತರ, ನಡುವೆ ಒಬ್ಬ ಕಳ್ಳ. ಆ ಕಳ್ಳನಾಗಿ ಗುಬ್ಬಿ ವೀರಣ್ಣನವರು ರಂಗಕ್ಕೆ ಬಂದರೆಂದರೆ ರಾಜಕುಮಾರನನ್ನು ಕೇಳುವವರೇ ಇರಲಿಲ್ಲ! ನಾಯಕನ ಕೈಯಿಂದ ನಾಟಕವನ್ನು ಕಳ್ಳನೇ ಕದ್ದೊಯ್ದ ಎನ್ನಬೇಕು. ತೆರೆಯಲ್ಲಿ ಸದಾರಮೆಯಾದವರು ಕೆ.ಅಶ್ವತ್ಥಮ್ಮ.

ಈ ಅಶ್ವತ್ಥಮ್ಮನವರ ಹೆಸರನ್ನು ನೀವು ಕೇಳಿರಲಾರಿರಿ. ಅದೇ ವೈ.ವಿ.ರಾವ್ ಅವರು 1937ರಲ್ಲಿ ತಮಿಳಿನಲ್ಲಿ ತೆಗೆದ ‘ಚಿಂತಾಮಣಿ’ಯಲ್ಲಿ ತ್ಯಾಗರಾಜ ಭಾಗವತರ ಎದುರು ನಾಯಕಿಯಾಗಿ ಹಾಡಿ ಮದರಾಸು ಪ್ರಾಂತವನ್ನೇ ಗೆದ್ದವರು. (ನಮ್ಮ ನೆರೆಯ ಚಿಂತಾಮಣಿ ಪಟ್ಟಣಕ್ಕೂ ಆ ಚಿತ್ರಕ್ಕೂ ಏನೂ ಸಂಬಂಧವಿಲ್ಲ, ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಿದ್ದಿರಿ!) ಅಷ್ಟು ಕೀರ್ತಿ ಪಡೆದಾಕೆ ಕ್ಷಯರೋಗಕ್ಕೆ ತುತ್ತಾಗಿ 1944ರಲ್ಲಿ ತೀರಿಕೊಂಡರು, ಇನ್ನೂ ನಡುವಯಸ್ಸೂ ಆಗಿರಲಿಲ್ಲ. ಕಂಪನಿಯ ಕಲಾವಿದರನ್ನು ಹೊಗಳುವಾಗ ಗಂಡಸರ ಹೆಸರುಗಳೇ ಮೊದಲು ಬರುತ್ತವೆ. ಇದು ನ್ಯಾಯವೆಂದು ನನಗೆ ಎಂದೂ ತೋರಿಲ್ಲ.

ನಾಟಕದವರ ಬಾಳನ್ನೇ ವಸ್ತುವಾಗಿಸಿಕೊಂಡು 1942ರಲ್ಲಿ ‘ಜೀವನ ನಾಟಕ’ ಬಂತು. ಅ.ನ.ಕೃಷ್ಣರಾಯರ ಕಥೆ, ದೇವರಾಜ ಅರಸರ ತಮ್ಮ ಕೆಂಪರಾಜ ಅರಸರು ನಾಯಕ, ಮರಾಠಿಯಲ್ಲಿ ಹೆಸರು ಮಾಡಿದ್ದ ಶಾಂತಾ ಹುಬ್ಳೀಕರ್ ನಾಯಕಿ. ಇಲ್ಲಿ ನಗೆ ಕಡಿಮೆ.

ಸಿನಿಮಾ ಬಂದಮೇಲೂ ಕಲಾವಿದರ ಹೊಟ್ಟೆಪಾಡು ಸುಗಮವಾಗಲಿಲ್ಲ. 1950ರ ದಶಕದ ಕೊನೆಗೆ ಚಿತ್ರಗಳು ವಿರಳವಾದಾಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ.ಅಯ್ಯರ್ ಮತ್ತೆ ಬಣ್ಣದ ಪೆಟ್ಟಿಗೆ ಹೊತ್ತು ಊರೂರು ಸುತ್ತಿ ನಾಟಕವಾಡಿದರು. ಬಳಿಕ ತಾವೇ ಕೂಡಿ 1960ರಲ್ಲಿ ‘ರಣಧೀರ ಕಂಠೀರವ’ವನ್ನು ತೆರೆಗೆ ತಂದರು.

ಜಂಗಮಕೋಟೆಯ ಸುತ್ತಿನ ಹಳ್ಳಿಗಳಲ್ಲಿ ಬಾಡಿಗೆಯ ಸೀನರಿ ಕಟ್ಟಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ‘ಕುರುಕ್ಷೇತ್ರ’ ಆಡುವಾಗ ದ್ರೌಪದಿಯ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಅವರು ಮೊದಲ ಬಸ್ಸಿಗಾಗಿ ರಸ್ತೆಬದಿಯಲ್ಲಿ ಕಾಯುತ್ತಿರುತ್ತಾರೆ. ಮುಖದ ಬಣ್ಣ ಪೂರ್ತಿ ಹೋಗಿರುವುದಿಲ್ಲ.