ಬೂಷ್ಟು ಹಿಡಿದ ಟೇಪು, ಉಳಿದುಕೊಂಡ ಹಾಡು

ವಿಎಚ್‌ಎಸ್ ಕ್ಯಾಸೆಟ್ಟಿನ ಅಂಚಿನಲ್ಲಿ ಒಂದು ಪುಟ್ಟ ಮುಚ್ಚಳವಿರುತ್ತದೆ. ಅದನ್ನೆತ್ತಿ ಬೆಳಕಿಗೆ ಹಿಡಿದರೆ ಅರ್ಧ ಇಂಚು ಅಗಲದ ಟೇಪು ಕಪ್ಪಗೆ ಹೊಳೆಯಬೇಕು. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಕಡೆಯ ಮನೆಗಳಲ್ಲಿ ಅಟ್ಟದಿಂದ ಇಳಿಸಿದ ಹಳೆಯ ಕ್ಯಾಸೆಟ್ಟುಗಳಲ್ಲಿ ಎಷ್ಟೋ ಸಲ ಕಾಣುವುದೇ ಬೇರೆ. ಸುರುಳಿಯ ಅಂಚಿಗೆ ಬಿಳಿ ಪುಡಿ ಮೆತ್ತಿಕೊಂಡಿರುತ್ತದೆ, ಜೇಡರ ಬಲೆಯಂಥ ಎಳೆಗಳು ಹಬ್ಬಿರುತ್ತವೆ. ಅದು ಬೂಷ್ಟು. ಉಪ್ಪಿನಕಾಯಿ ಜಾಡಿಗೆ, ಚರ್ಮದ ಚಪ್ಪಲಿಗೆ, ಗೋಡೆಗೆ ತಾಗಿಸಿಟ್ಟ ಪುಸ್ತಕಕ್ಕೆ ಹಿಡಿಯುವ ಅದೇ ಬೂಷ್ಟು. ಕ್ಯಾಸೆಟ್ಟಿನ ಬೆನ್ನಿಗೆ ಅಂಟಿಸಿದ ಚೀಟಿಯ ಮೇಲಿನ ಸಿನಿಮಾದ ಹೆಸರು ಮಾತ್ರ ಇನ್ನೂ ಓದಲು ಬರುತ್ತದೆ.

ಈ ಗುಡ್ಡಗಳಿಗೆ ಹಾಡಿನ ಸಿನಿಮಾ ಬಂದ ಕಥೆಯನ್ನು ಬೂಷ್ಟಿನಿಂದಲೇ ಶುರು ಮಾಡಬೇಕು. ಬಿಸಿಲೆ, ಮಾರನಹಳ್ಳಿಯ ಕಡೆ ಜೂನ್ ತಿಂಗಳಲ್ಲಿ ಹಿಡಿದ ಜಡಿಮಳೆ ಬಿಡಬೇಕಾದರೆ ಸೆಪ್ಟೆಂಬರ್ ಬರಬೇಕು. ಜನರನ್ನು ಮನೆಯೊಳಗೆ ಕೂರಿಸಿ ಅಲ್ಲೇ ಸಿನಿಮಾ ನೋಡುವ ಆಸೆ ಹುಟ್ಟಿಸಿದ್ದೂ ಮಳೆ, ಆ ಸಿನಿಮಾವನ್ನು ಡಬ್ಬಿಯೊಳಗೇ ತಿಂದು ಹಾಕಿದ್ದೂ ಮಳೆ. ಹಾಡು ಹೇಗೋ ಉಳಿಯಿತು. ಹಾಡಿನ ಜೊತೆಗಿದ್ದ ಚಿತ್ರ ಉಳಿಯುವುದು ಕಷ್ಟವಾಯಿತು.

ಕನ್ನಡ ಸಿನಿಮಾ ಹುಟ್ಟಿದ್ದೇ ಹಾಡಿನ ಮಡಿಲಲ್ಲಿ. 1934ರ ಮಾರ್ಚ್ 3ರಂದು ತೆರೆಗೆ ಬಂದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ವನ್ನು ಕಟ್ಟಿದವರು ಕಂಪನಿ ನಾಟಕದವರು. ನಿರ್ದೇಶಕರು ವೈ.ವಿ. ರಾವ್. ಆರ್. ನಾಗೇಂದ್ರರಾಯರು, ಸುಬ್ಬಯ್ಯನಾಯ್ಡು ರಂಗದ ಮೇಲೆ ಹಾಡಿ ಹಾಡಿ ಪಳಗಿದವರು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಕಂಪನಿ ನಾಟಕದಲ್ಲಿ ಪಾತ್ರ ಅತ್ತರೂ ಹಾಡು, ನಕ್ಕರೂ ಹಾಡು, ಜನ ಮೆಚ್ಚಿದರೆ ‘ಒನ್ಸ್ ಮೋರ್’. ಆ ಪದ್ಧತಿ ಹಾಗೆಯೇ ತೆರೆಗೆ ಇಳಿಯಿತು. ಹಾಲಿವುಡ್ಡಿನಲ್ಲಿ ‘ಮ್ಯೂಸಿಕಲ್’ ಎಂಬುದು ಸಿನಿಮಾದ ಒಂದು ಬಗೆ ಮಾತ್ರ. ಇಲ್ಲಿ ಹಾಡಿಲ್ಲದ ಸಿನಿಮಾವೇ ಅಪರೂಪ. ಆದರೂ ಹಾಡೇ ಕಥೆಯ ಬೆನ್ನೆಲುಬಾದ ಚಿತ್ರಗಳ ಒಂದು ಸಾಲು ಕನ್ನಡದಲ್ಲಿ ಬೇರೆಯೇ ಬೆಳೆದಿದೆ. ‘ಭಕ್ತ ಕನಕದಾಸ’ (1960), ‘ಸಂಧ್ಯಾರಾಗ’ (1966), ‘ಹಂಸಗೀತೆ’ (1975), ‘ಸನಾದಿ ಅಪ್ಪಣ್ಣ’ (1977), ‘ಮಲಯ ಮಾರುತ’ (1986) ಆ ಸಾಲಿನವು. ‘ಸಂಧ್ಯಾರಾಗ’ದಲ್ಲಿ ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಇಬ್ಬರೂ ಹಾಡಿದ್ದಾರೆ. ‘ಸನಾದಿ ಅಪ್ಪಣ್ಣ’ನ ಶಹನಾಯಿಗೆ ಉಸಿರು ಕೊಟ್ಟವರು ಬಿಸ್ಮಿಲ್ಲಾ ಖಾನ್. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಗಾಗಿ ಬಾಲಮುರಳಿಕೃಷ್ಣರಿಗೆ ಗಾಯನದ ರಾಷ್ಟ್ರಪ್ರಶಸ್ತಿ ಬಂತು.

ಹಾಸನ ಜಿಲ್ಲೆಗೂ ಈ ಸಾಲಿಗೂ ನೇರ ನಂಟಿದೆ. ಪೂರ್ತಿ ಬಣ್ಣದಲ್ಲಿ ತಯಾರಾದ ಮೊದಲ ಕನ್ನಡ ಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ (1964). ಬಿ.ಎಸ್. ರಂಗಾ ನಿರ್ದೇಶಿಸಿದ ಆ ಚಿತ್ರಕ್ಕೆ ಸಕಲೇಶಪುರದ ನೆರೆಯ ಬೇಲೂರಿನ ದಂತಕಥೆಯೇ ವಸ್ತು. ಜಿಲ್ಲೆಯ ಇನ್ನೊಂದು ತುದಿಯ ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದ ಸಿ. ಅಶ್ವತ್ಥ್ ಮುಂದೆ ‘ಸಂತ ಶಿಶುನಾಳ ಶರೀಫ’ (1990) ಮತ್ತು ‘ಮೈಸೂರು ಮಲ್ಲಿಗೆ’ಗೆ ಸಂಗೀತ ಕೊಟ್ಟರು. ಎರಡನ್ನೂ ನಿರ್ದೇಶಿಸಿದವರು ಟಿ.ಎಸ್. ನಾಗಾಭರಣ. ಒಂದು ಸಂತನ ತತ್ವಪದಗಳ ಸುತ್ತ, ಇನ್ನೊಂದು ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳ ಸುತ್ತ ಹೆಣೆದ ಚಿತ್ರ. ‘ಮೈಸೂರು ಮಲ್ಲಿಗೆ’ಯ ಸಾಹಿತ್ಯಕ್ಕೆ ಕವಿಗೆ ರಾಷ್ಟ್ರಪ್ರಶಸ್ತಿಯೂ ಸಂದಿತು. ಹಾಡುಗಳನ್ನು ತೆಗೆದುಬಿಟ್ಟರೆ ಈ ಎರಡರಲ್ಲೂ ಕಥೆಯೇ ನಿಲ್ಲುವುದಿಲ್ಲ. ಕನ್ನಡದ ನಿಜವಾದ ಹಾಡುಚಿತ್ರ ಯಾವುದು ಎಂದು ಯಾರಾದರೂ ಕೇಳಿದರೆ ಇವುಗಳ ಹೆಸರನ್ನು ಧೈರ್ಯವಾಗಿ ಹೇಳಬಹುದು.

ಇಂಥ ಚಿತ್ರಗಳು ಗುಡ್ಡದ ಮೇಲಿನ ಊರುಗಳಿಗೆ ತಲುಪುತ್ತಿದ್ದದ್ದು ಹೇಗೆ? ಮೊದಲ ದಾರಿ ಟೂರಿಂಗ್ ಟಾಕೀಸು, ಅಂದರೆ ಟೆಂಟ್ ಸಿನಿಮಾ. ಹಳೆ ಮೈಸೂರಿನ ಉದ್ದಗಲಕ್ಕೂ ಅದರದು ಒಂದೇ ಚಹರೆ: ನೆಲ, ಬೆಂಚು, ಕುರ್ಚಿ ಎಂಬ ಮೂರು ದರ್ಜೆ, ಒಂದೇ ಪ್ರೊಜೆಕ್ಟರು, ರೀಲು ಬದಲಿಸುವಾಗಲೆಲ್ಲ ಒಂದು ಬಿಡುವು. ಆಟ ಶುರುವಾಗುವ ಮೊದಲು ಧ್ವನಿವರ್ಧಕದಲ್ಲಿ ಘಂಟಸಾಲ ಹಾಡಿದ ವೆಂಕಟೇಶನ ಹಾಡು ಕೇಳಿಬಂದರೆ ಊರಾಚೆಯ ದಾರಿಯಲ್ಲಿದ್ದವರೂ ಹೆಜ್ಜೆ ಬೀಸಾಗಿ ಹಾಕುತ್ತಿದ್ದರು. ಬೆಂಗಳೂರಿನ ಗಾಂಧಿನಗರದಿಂದ ಹೊರಟ ಸಿನಿಮಾ ಪೆಟ್ಟಿಗೆ ಬಸ್ಸಿನಲ್ಲಿ ಬರುತ್ತಿತ್ತು. ನಗರದಲ್ಲಿ ಓಡಿ, ಜಿಲ್ಲಾ ಕೇಂದ್ರದಲ್ಲಿ ಓಡಿ, ಕಡೆಗೆ ಟೆಂಟಿಗೆ ಬರುವಷ್ಟರಲ್ಲಿ ಪ್ರಿಂಟಿನ ಮೈತುಂಬ ಗೀರು. ಹರಿದಲ್ಲಿ ಕತ್ತರಿಸಿ ಅಂಟಿಸಿದ್ದರಿಂದ ಹಾಡಿನ ಒಂದು ಚರಣವೇ ಹಾರಿಹೋಗುವುದೂ ಇತ್ತು.

ಟೆಂಟಿಗೆ ಮಳೆಗಾಲವೆಂದರೆ ರಜೆ. ಬಯಲುಸೀಮೆಯ ಟೆಂಟಿಗೆ ಸಿಗುವಷ್ಟು ಒಣ ತಿಂಗಳು ಮಲೆನಾಡಿನ ಟೆಂಟಿಗೆ ಸಿಗುತ್ತಿರಲಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಬಟವಾಡೆಯ ದುಡ್ಡು ಕೈಗೆ ಬಂದಾಗ ಕೂಲಿಲೈನಿನವರು ಸಂತೆಗೆ ಇಳಿದು, ಸಾಮಾನು ಕಟ್ಟಿಸಿಕೊಂಡು, ಸಿನಿಮಾ ನೋಡಿ ಮರಳುವುದು ಈ ಸೀಮೆಯ ರೂಢಿ. ಮಳೆ ಹಿಡಿದ ಮೇಲೆ ಅದೂ ನಿಲ್ಲುತ್ತಿತ್ತು.

ಆಗ ಆಸರೆಯಾದದ್ದು ರೇಡಿಯೋ. 1965ರಲ್ಲಿ ಭದ್ರಾವತಿ ಆಕಾಶವಾಣಿ, 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದವು. ಸಕಲೇಶಪುರದ ಸೀಮೆಗೆ ಒಂದು ಉತ್ತರಕ್ಕಿದೆ, ಇನ್ನೊಂದು ಪಶ್ಚಿಮಕ್ಕೆ. ರೇಡಿಯೋದಲ್ಲಿ ಬರುವ ಚಿತ್ರಗೀತೆ ಚಿತ್ರವಿಲ್ಲದ ಗೀತೆ. ಸಿನಿಮಾ ನೋಡದವರೂ ಅದರ ಅಷ್ಟೂ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡರು. ತೆರೆಯ ಮೇಲೆ ಹಾಡುವಾಗ ರಾಜಕುಮಾರ್ ನಿಂತಿದ್ದರೇ, ನಡೆಯುತ್ತಿದ್ದರೇ, ಎದುರಿಗಿದ್ದವರು ಯಾರು ಎಂಬುದನ್ನೆಲ್ಲ ಕೇಳುಗರೇ ಊಹಿಸಿಕೊಳ್ಳಬೇಕಿತ್ತು. ಹಾಡೂ ಚಿತ್ರವೂ ಬೇರೆ ಬೇರೆ ದಾರಿ ಹಿಡಿದದ್ದು ಇಲ್ಲಿಂದಲೇ.

ಧ್ವನಿಯ ದಾರಿ ಬಲು ಬೇಗ ಅಗಲವಾಯಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂತು. ಸಂಗೀತಾ, ಲಹರಿಯಂಥ ಕಂಪನಿಗಳು ಕ್ಯಾಸೆಟ್ಟನ್ನು ದಿನಸಿ ಅಂಗಡಿಯವರೆಗೂ ತಂದವು. 1987ರಲ್ಲಿ ‘ಪ್ರೇಮಲೋಕ’ ಬಂದಾಗ ಕನ್ನಡದ ಕ್ಯಾಸೆಟ್ ವ್ಯಾಪಾರದ ಲೆಕ್ಕಾಚಾರವೇ ಬದಲಾಯಿತು. ರವಿಚಂದ್ರನ್ ನಿರ್ದೇಶನದ, ಹಂಸಲೇಖ ಸಂಗೀತ–ಸಾಹಿತ್ಯದ ಆ ಚಿತ್ರಕ್ಕೆ ಅಮೆರಿಕದ ‘ಗ್ರೀಸ್ 2’ (1982) ಎಂಬ ಹಾಡುಚಿತ್ರ ಪ್ರೇರಣೆ. ಕಾಲೇಜು, ಮೋಟಾರ್‌ಬೈಕು, ಹುಡುಗಿಯ ಮನ ಗೆಲ್ಲುವ ಹುಡುಗ, ಇಷ್ಟು ಅಲ್ಲಿಂದ ಬಂದದ್ದು. ಪಾತ್ರಗಳು ಜಗಳವಾಡುವುದು, ಛೇಡಿಸುವುದು, ಸವಾಲು ಹಾಕುವುದು ಎಲ್ಲವನ್ನೂ ಆಡುಮಾತಿನ ಲಯದಲ್ಲೇ ಹಾಡಾಗಿಸಿದ ಕಸುಬು ಮಾತ್ರ ಅಪ್ಪಟ ಹಂಸಲೇಖರದು. ಹಾಡುಗಳೇ ಕಥೆಯನ್ನು ಮುಂದಕ್ಕೆ ಒಯ್ಯುವುದರಿಂದ ಕ್ಯಾಸೆಟ್ಟನ್ನು ಕೇಳಿದರೆ ಅರ್ಧ ಸಿನಿಮಾ ನೋಡಿದ ಹಾಗಾಗುತ್ತಿತ್ತು. ಉಳಿದರ್ಧವನ್ನೂ ನೋಡಬೇಕೆಂಬ ಆಸೆ ಹುಟ್ಟುತ್ತಿತ್ತು.

ಆ ಆಸೆಯನ್ನು ತೀರಿಸಲು ವಿಡಿಯೋ ಅಷ್ಟರಲ್ಲಿ ಬಂದಾಗಿತ್ತು. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಹೊರತಂದ ವಿಎಚ್‌ಎಸ್, 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಂದ ಬಣ್ಣದ ಟಿವಿಯ ಬೆನ್ನಿಗೇ ಭಾರತದ ಪೇಟೆಗಳಿಗೆ ಹಬ್ಬಿತು. ಬೆಂಗಳೂರು ದೂರದರ್ಶನದ ‘ಚಿತ್ರಮಂಜರಿ’ಗಾಗಿ ಜನ ವಾರವಿಡೀ ಕಾಯುತ್ತಿದ್ದ ಕಾಲ ಅದು. ಗುಡ್ಡದ ಮರೆಯ ಊರುಗಳಲ್ಲಿ ಆಂಟೆನಾವನ್ನು ಎಷ್ಟು ಎತ್ತರದ ಗಳುವಿಗೆ ಕಟ್ಟಿದರೂ ಚಿತ್ರದ ಮೇಲೆ ಇರುವೆ ಹರಿದಾಡುವುದು ತಪ್ಪುತ್ತಿರಲಿಲ್ಲ. ವಿಡಿಯೋಗೆ ಆಂಟೆನಾದ ಹಂಗಿರಲಿಲ್ಲ. ಟಿವಿ, ಕ್ಯಾಸೆಟ್ಟು ಓಡಿಸುವ ವಿಸಿಪಿ, ಮೂರು ಕ್ಯಾಸೆಟ್ಟು, ಎಲ್ಲ ಸೇರಿ ಒಂದು ರಾತ್ರಿಗೆ ಬಾಡಿಗೆ. ಗಣಪತಿ ಕೂರಿಸಿದ ಚಪ್ಪರದಲ್ಲಿ, ಮದುವೆಯ ಮುನ್ನಾದಿನದ ಅಂಗಳದಲ್ಲಿ, ಎಸ್ಟೇಟಿನ ಶೆಡ್ಡಿನಲ್ಲಿ ಬೆಳಗಿನ ಜಾವದವರೆಗೆ ಆಟ. ಕರೆಂಟು ಹೋದರೆ ಬರುವವರೆಗೂ ಕಾಯುವುದು, ಬಂದ ಮೇಲೆ ಹಿಂದಕ್ಕೆ ಸುತ್ತಿ ಹಾಡಿನ ಮೊದಲಿನಿಂದ ಮತ್ತೆ ಹಾಕುವುದು. ನಾಟಕದ ‘ಒನ್ಸ್ ಮೋರ್’ ಅರ್ಧ ಶತಮಾನದ ನಂತರ ಒಂದು ಗುಂಡಿಯಾಗಿ ನೋಡುಗರ ಬೆರಳಿಗೆ ಬಂದಿತ್ತು.

ಚಿತ್ರದ ಅಂದ ಮಾತ್ರ ಕರಗುತ್ತಲೇ ಹೋಯಿತು. ಟೇಪಿನಿಂದ ಟೇಪಿಗೆ ಇಳಿಸಿದಾಗಲೆಲ್ಲ ಬಣ್ಣ ಸೋರುತ್ತದೆ, ಅಂಚು ಮಸುಕಾಗುತ್ತದೆ. 1977ರ ‘ಸೊಸೆ ತಂದ ಸೌಭಾಗ್ಯ’ದಿಂದ ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದಿತ್ತು. ಆ ಅಗಲದ ಚಿತ್ರವನ್ನು ಟಿವಿಯ ಚೌಕಕ್ಕೆ ತುರುಕಿದಾಗ ಎರಡೂ ಬದಿ ಕತ್ತರಿಸಿಹೋಗಿ, ಯುಗಳಗೀತೆಯಲ್ಲಿ ನಾಯಕಿ ಕಾಣಿಸಿದರೆ ನಾಯಕನಿಲ್ಲ, ನಾಯಕ ಕಾಣಿಸಿದರೆ ನಾಯಕಿಯಿಲ್ಲ ಎಂಬಂತಾಯಿತು. ಮಿಕ್ಕ ಕೆಲಸವನ್ನು ಥಂಡಿ ಮಾಡಿತು. ಮಲೆನಾಡಿನ ಮನೆಗಳಲ್ಲಿ ಥಂಡಿ ತಾಗಬಾರದ್ದನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೇರಿಸುತ್ತಾರೆ. ಬಿದಿರ ಬುಟ್ಟಿಗೆ, ಬಿತ್ತನೆ ಬೀಜಕ್ಕೆ ಹೊಗೆ ಒಳ್ಳೆಯದು. ಟೇಪಿಗೆ ಹೊಗೆಯೂ ಆಗದು, ಕಾವೂ ಆಗದು. ಬೂಷ್ಟು ಹಿಡಿದ ಒಂದು ಕ್ಯಾಸೆಟ್ಟನ್ನು ಹಾಕಿದರೆ ವಿಸಿಪಿಯ ಹೆಡ್ಡಿಗೆ ಅದು ಅಂಟಿ, ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಹೆಡ್ಡು ಒರೆಸುವುದು ವಿಡಿಯೋ ಅಂಗಡಿಗಳ ಮಳೆಗಾಲದ ನಿತ್ಯಕರ್ಮ.

1994ರ ಮಧ್ಯದಲ್ಲಿ ಬ್ರೆಜಿಲ್ಲಿನ ತೋಟಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಳೆ ಕೆಟ್ಟು, ಕಾಫಿ ಬೆಲೆ ಜಗತ್ತಿನಾದ್ಯಂತ ಜಿಗಿಯಿತು, ಇಲ್ಲಿನ ತೋಟದವರ ಕೈಯಲ್ಲೂ ದುಡ್ಡು ಓಡಾಡಿತು. ಅದೇ ವರ್ಷದ ಜೂನ್‌ನಲ್ಲಿ ಉದಯ ಟಿವಿ ಶುರುವಾಯಿತು. ತೋಟದ ಮನೆಗಳು ಒಂದಕ್ಕೊಂದು ದೂರ. ಕೇಬಲ್ ಎಳೆಯಲಾಗದ ಕಡೆ ಕಾಫಿ ಕಣದ ಪಕ್ಕ ದೊಡ್ಡ ದೊಡ್ಡ ಡಿಶ್‌ಗಳು ಆಕಾಶ ನೋಡುತ್ತ ನಿಂತವು. ಹಳೆಯ ಚಿತ್ರಗಳು ದಿನವೂ ಮನೆಗೆ ಬಂದದ್ದರಿಂದ ಬಾಡಿಗೆ ವಿಡಿಯೋದ ಕಾಲ ಮುಗಿಯುತ್ತ ಬಂತು. ಹಿಂದೆಯೇ ಬಂದದ್ದು ವಿಸಿಡಿ. ಒಂದು ಬಿಲ್ಲೆಯಲ್ಲಿ 74 ನಿಮಿಷ, ಅಂದರೆ ಎರಡೂವರೆ ಗಂಟೆಯ ಕನ್ನಡ ಸಿನಿಮಾಕ್ಕೆ ಎರಡು ಅಥವಾ ಮೂರು ಬಿಲ್ಲೆ. ಮೊದಲ ಬಿಲ್ಲೆ ಹಾಡಿನ ನಡುವೆ ಮುಗಿದು, ಎರಡನೆಯದನ್ನು ಹಾಕುವವರೆಗೆ ಪಲ್ಲವಿ ಗಾಳಿಯಲ್ಲೇ ನಿಲ್ಲುವುದಿತ್ತು. 2006–07ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಬೆಲೆಯಿಟ್ಟಾಗ ಸಿನಿಮಾ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಂಡು ಚೀಲಕ್ಕೆ ಹಾಕಿಕೊಳ್ಳುವ ಸಾಮಾನಾಯಿತು. ಬಿಲ್ಲೆಗೆ ಟೇಪಿನಷ್ಟು ಬೂಷ್ಟು ಹಿಡಿಯದು. ಆದರೆ ಒಳಗಿದ್ದ ಚಿತ್ರ ಬಹಳ ಸಲ ಸವೆದ ಪ್ರಿಂಟಿನಿಂದಲೇ ಇಳಿಸಿದ್ದು, ಮೂಲೆಯಲ್ಲಿ ಕಂಪನಿಯ ಮುದ್ರೆ ಬೇರೆ.

ಆ ಹೊತ್ತಿಗೆ ಕನ್ನಡದ ಹಾಡುಚಿತ್ರವೇ ಈ ಗುಡ್ಡಗಳಿಗೆ ಬಂದಿಳಿದಿತ್ತು. 2006ರ ಡಿಸೆಂಬರ್ 29ರಂದು ತೆರೆಕಂಡ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ಯ ಚಿತ್ರೀಕರಣ ನಡೆದ ಜಾಗಗಳಲ್ಲಿ ಸಕಲೇಶಪುರವೂ ಒಂದು. ಮನೋಮೂರ್ತಿಯವರ ರಾಗಗಳಷ್ಟೇ ಮುಖ್ಯವಾಗಿ ಆ ಚಿತ್ರದಲ್ಲಿ ಹಾಡಿದ್ದು ಮಳೆ. ಟೆಂಟಿಗೆ ಬೀಗ ಹಾಕಿಸಿದ, ಟೇಪು ಕೆಡಿಸಿದ ಇಲ್ಲಿನ ಮಳೆ ತೆರೆಯ ಮೇಲೆ ಒಂದು ಪಾತ್ರವಾಯಿತು.

ಕಳೆದುಹೋದದ್ದರ ಲೆಕ್ಕ ಇಷ್ಟು ಹಗುರವಲ್ಲ. ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ಸಿಗುವುದಿಲ್ಲ. 1952ರ ಹಾಲಿವುಡ್ ಹಾಡುಚಿತ್ರ ‘ಸಿಂಗಿನ್ ಇನ್ ದ ರೇನ್’ನ ಮೂಲ ನೆಗೆಟಿವ್ 1978ರಲ್ಲಿ ಅಮೆರಿಕದ ರೋಚೆಸ್ಟರ್ ನಗರದ ಸಂಗ್ರಹಾಲಯದ ಬೆಂಕಿಯಲ್ಲಿ ಸುಟ್ಟುಹೋಯಿತು. ಬೇರೆ ಪ್ರತಿಗಳನ್ನು ಜೋಪಾನವಾಗಿಟ್ಟಿದ್ದರಿಂದ ಆ ಚಿತ್ರ ಡಿವಿಡಿಯಲ್ಲಿ ಮತ್ತೆ ಹೊಳೆಯುತ್ತ ಬಂತು. ಕನ್ನಡದಲ್ಲಿ ಅಂಥ ಆರೈಕೆ ಸಿಕ್ಕ ಚಿತ್ರಗಳು ಕೆಲವೇ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಸಿಕೊಂಡು ತೆರೆಗೆ ಮರಳಿದವು. 1972ರ ‘ನಾಗರಹಾವು’ 2018ರಲ್ಲಿ ಹೊಸ ಧ್ವನಿಯೊಂದಿಗೆ ಬಂತು. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಹಾಡುಚಿತ್ರವಲ್ಲ, ಆದರೆ ಅದರ ಪುನರುದ್ಧಾರ ಮುಗಿದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದಾಗ ಕನ್ನಡದ ಹಳೆಯ ನೆಗೆಟಿವಿಗೂ ಆ ಮಟ್ಟದ ಚಿಕಿತ್ಸೆ ಸಾಧ್ಯ ಎಂಬುದು ಖಚಿತವಾಯಿತು. ‘ಸಂಧ್ಯಾರಾಗ’ಕ್ಕೆ, ‘ಹಂಸಗೀತೆ’ಗೆ, ‘ಶರೀಫ’ನಿಗೆ ಅದೇ ಭಾಗ್ಯ ಬರಬೇಕು. ಇವುಗಳ ಹಾಡು ನಾಡಿನ ಬಾಯಲ್ಲಿದೆ, ಚಿತ್ರವನ್ನೂ ಅಷ್ಟೇ ನಿಚ್ಚಳವಾಗಿ ನೋಡುವ ಹಕ್ಕು ನಾಡಿಗಿದೆ.

ಅಟ್ಟದ ಮೇಲಿನ ಕ್ಯಾಸೆಟ್ಟುಗಳಿಗೂ ಸಮಯ ಹೆಚ್ಚಿಲ್ಲ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ಯಂತ್ರ ಹುಟ್ಟುವುದೇ ನಿಂತಿತು. ಇರುವ ಯಂತ್ರಗಳು ಓಡುವಷ್ಟು ದಿನ ಮಾತ್ರ ಟೇಪಿನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಬಹುದು. ಸಿನಿಮಾ ಕ್ಯಾಸೆಟ್ಟುಗಳ ನಡುವೆ ಬೇರೆ ಟೇಪುಗಳೂ ಇರುತ್ತವೆ. ದೂರದರ್ಶನದಿಂದ ಹಿಡಿದಿಟ್ಟ ‘ಚಿತ್ರಮಂಜರಿ’ಯ ಒಂದು ತುಣುಕು, ಅದರ ಪಕ್ಕದಲ್ಲಿ 1980–90ರ ದಶಕದ ಮದುವೆಗಳು. ಆಗಿನ ಮದುವೆ ವಿಡಿಯೋ ಮಾಡುವವರು ನಡುನಡುವೆ ಚಿತ್ರಗೀತೆ ಸೇರಿಸುತ್ತಿದ್ದರು. ಧಾರೆಗೊಂದು, ಹೆಣ್ಣು ಒಪ್ಪಿಸುವುದಕ್ಕೊಂದು, ದಿಬ್ಬಣದ ವ್ಯಾನು ತೋಟದ ಗೇಟು ದಾಟುವುದಕ್ಕೊಂದು. ಬೂಷ್ಟು ಒರೆಸಿ, ಟೇಪು ಒಣಗಿಸಿ ಹಾಕಿದರೆ ಮೊದಲು ತೆರೆಯ ತುಂಬ ಬಿಳಿ ಗೆರೆ, ಆಮೇಲೆ ಪಿ.ಬಿ. ಶ್ರೀನಿವಾಸರ ಇಲ್ಲವೇ ಎಸ್. ಜಾನಕಿಯವರ ದನಿ, ಆ ದನಿಯ ಹಿಂದೆ ಮೆಲ್ಲಗೆ ಬಣ್ಣ ಹಿಡಿಯುವ ಅಂಗಳ, ಚಪ್ಪರ, ಈಗ ಇಲ್ಲದ ಅಜ್ಜಿಯ ಮುಖ.