ಕಲಿತ ಭಾಷೆಯ ಅಳತೆಗೋಲು

ಕ್ಯಾಸಂಬಳ್ಳಿಯ ನಾವು ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತವರು. ಅಂಕಪಟ್ಟಿ ನೋಡಿ ಕನ್ನಡ ಬಂತೆಂದು ಬೀಗುತ್ತಿದ್ದೆವು. ಉಚ್ಚಾರಕ್ಕೆ ಯಾರಾದರೂ ನಕ್ಕರೆ ಏನೂ ಬಾರದೆಂದು ಕುಗ್ಗುತ್ತಿದ್ದೆವು.

1853ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲ್ ಅವರಿಗೂ ಕನ್ನಡ ಕಲಿತ ಭಾಷೆಯೇ. ದಶಕಗಟ್ಟಲೆ ಕೇಳುತ್ತ, ಓದುತ್ತ, ತಿದ್ದಿಕೊಳ್ಳುತ್ತ ಹೋದ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು.

ಇಂದು ಬೆಂಗಳೂರಿನಲ್ಲಿ ಜರ್ಮನ್ ಕಲಿಯುವ ಮಕ್ಕಳು, ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲುಗಳಲ್ಲಿ ತಮ್ಮನ್ನು ಅಳೆದುಕೊಳ್ಳುತ್ತಾರೆ. ಅದೇ ವರ್ಷ ನಮ್ಮ ಕೋಲಾರದ ಚಿನ್ನದ ಗಣಿ ಮುಚ್ಚಿತು. ಕೆಲಸಕ್ಕಾಗಿ ಊರು ಬಿಡುವವರಿಗೆ ಭಾಷೆಯ ಮೆಟ್ಟಿಲೆಂದರೆ ಅನ್ನದ ಪ್ರಶ್ನೆ. ನಡುಮೆಟ್ಟಿಲಲ್ಲಿ ನಿಂತವರು ‘ಮುಂದಕ್ಕೆ ಹೋಗುತ್ತಲೇ ಇಲ್ಲ’ ಎಂದು ಕೊರಗುತ್ತಾರೆ.

ನಮ್ಮ ತಪ್ಪು ನಮಗೇ ಕೇಳಿಸತೊಡಗಿದ್ದೂ ಮುನ್ನಡೆಯೇ. ನಮಗದು ತಡವಾಗಿ ತಿಳಿಯಿತು.